ಆರು ಸಾವಿರದ ಊರು ಐವತ್ತು ಸಾವಿರ ಆಗಿದೆ, ಅಲ್ಲಿ ಮಗ ಮನೆ ಕೊಳ್ಳಬಹುದಾ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದಲ್ಲಿರುವ ನಿವೃತ್ತ ಶಿಕ್ಷಕ. ಹಿನ್ನೀರಿಗೆ ಹಳೇ ಊರು ಬಿಟ್ಟು ಬಂದವರು ನಾವು. ಹೊಸ ಊರು ಊರಾಗಲು ಎಷ್ಟು ವರ್ಷ ಹಿಡಿಯುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ಮಗ ಅಮೆರಿಕದ ಟೆಕ್ಸಸ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. ಡಲ್ಲಾಸ್‌ನ ಉತ್ತರಕ್ಕೆ ಸೆಲಿನಾ ಎಂಬ ಊರಿನ ಹೊಸ ಲೇಔಟಿನಲ್ಲಿ 5.2 ಲಕ್ಷ ಡಾಲರಿನ ಮನೆಗೆ ಮುಂಗಡ ಕೊಟ್ಟಿದ್ದಾನೆ. 2010ರಲ್ಲಿ ಅಲ್ಲಿ ಆರು ಸಾವಿರ ಜನ ಇದ್ದರಂತೆ, ಈಗ ಐವತ್ತು ಸಾವಿರವಂತೆ. ಇಷ್ಟು ಬೇಗ ಉಬ್ಬಿದ ಊರು ಅಷ್ಟೇ ಬೇಗ ಕುಸಿಯುವುದಿಲ್ಲವೇ? ಕಳೆದ ಆಗಸ್ಟ್‌ನಲ್ಲಿ ಹೋದಾಗ ಲೇಔಟಿನ ಪಕ್ಕದ ಹೊಲದಲ್ಲಿ ಕೈ ತೂರುವಷ್ಟು ಬಿರುಕು ನೋಡಿದೆ, ಥೇಟ್ ನಮ್ಮ ಎರೆಹೊಲ. ಮನೆ ನಿಲ್ಲುತ್ತದೆಯೇ? ಲೇಔಟು ನಗರದ ಗಡಿಯ ಹೊರಗಿತ್ತು, ಆಮೇಲೆ ಸೇರಿಸಿಕೊಂಡರು ಎಂದೂ ಕೇಳಿದೆ. ಮಗನ ಗೆಳೆಯನಿಗೆ ಎರಡನೇ ವರ್ಷ ಕಂತು ತಿಂಗಳಿಗೆ 800 ಡಾಲರ್ ಏರಿತಂತೆ. ಭಾರತೀಯರು ಇನ್ನು ಅಲ್ಲಿ ಆಸ್ತಿ ಕೊಳ್ಳುವಂತಿಲ್ಲ ಎಂದು ಬೀಗರು ಬೇರೆ ಹೆದರಿಸಿದ್ದಾರೆ. ಮಗನನ್ನು ತಡೆಯಲೇ?

ಉತ್ತರ: ಮೇಷ್ಟ್ರೇ, ನಮ್ಮ ಹಾಸನದ ಕಡೆ ಹೀಗೇ ಕರೆಯೋದು, ಬೇಜಾರು ಮಾಡ್ಕೋಬೇಡಿ. ಮೊದಲು ಹೆಸರು ಸರಿ ಮಾಡಿಬಿಡೋಣ. ಅದು ಸೆಲೈನಾ. ನಮ್ಮ ಹುಡುಗರು ವರ್ಷಗಟ್ಟಲೆ ಸೆಲಿನಾ, ಸೆಲೀನಾ ಅಂತಲೇ ಅನ್ನುತ್ತಾರೆ. ಅಲ್ಲೇ ಹುಟ್ಟಿದವರು ಕೇಳಿ ಸುಮ್ಮನೆ ನಗುತ್ತಾರೆ.

ಆ ಭಾಗದ ಲೇಔಟುಗಳಿಗೆ ನೀರಿನ ಕೊಳವೆ, ಒಳಚರಂಡಿ, ರಸ್ತೆಗಳ ನಕ್ಷೆ ಮಾಡುತ್ತಾ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಊರು ಕುಸಿದೀತು ಅನ್ನೋದು ಒಂದು, ಮಗ ಸಾಲದಲ್ಲಿ ಸಿಕ್ಕಿಹಾಕಿಕೊಂಡಾನು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನಾನು ಅಷ್ಟಾಗಿ ಹೆದರುವುದಿಲ್ಲ. ಎರಡನೆಯದಕ್ಕೆ ಹೆದರುತ್ತೇನೆ. ಊರು ಬೆಳೆಯಲು ಹೂತ ಕೊಳವೆಗಳ ದುಡ್ಡನ್ನು ಯಾರೋ ಕೊಡಲೇಬೇಕಲ್ಲ, ಆ ಚೀಟಿ ಮನೆ ಕೊಂಡವರ ಹತ್ತಿರ ನಿಧಾನವಾಗಿ ಬರುತ್ತದೆ.

ಬೀಗರ ಮಾತು ಮೊದಲು ಮುಗಿಸೋಣ. ಟೆಕ್ಸಸ್‌ನಲ್ಲಿ 2025ರ ಸೆಪ್ಟೆಂಬರ್ 1ರಿಂದ ಕೆಲವು ದೇಶದವರು ಆಸ್ತಿ ಕೊಳ್ಳುವುದಕ್ಕೆ ತಡೆ ಹಾಕುವ ಸೆನೆಟ್ ಬಿಲ್ 17 ಅನ್ನೋ ಕಾನೂನು ಜಾರಿಯಲ್ಲಿರುವುದು ನಿಜ. ಅದು ಬಂದಾಗ ಹೆಸರಿದ್ದದ್ದು ಚೀನಾ, ಇರಾನ್, ಉತ್ತರ ಕೊರಿಯಾ ಮತ್ತು ರಷ್ಯಾಕ್ಕೆ. ಭಾರತದ ಹೆಸರು ಇರಲಿಲ್ಲ. ಪಟ್ಟಿಗೆ ದೇಶಗಳನ್ನು ಸೇರಿಸುವ ಅಧಿಕಾರ ಗವರ್ನರಿಗೆ ಇದೆ, ಹಾಗಾಗಿ ಸಹಿ ಹಾಕುವ ಮುಂಚೆ ವಕೀಲರನ್ನು ಒಂದು ಮಾತು ಕೇಳಿದರೆ ನಷ್ಟವೇನಿಲ್ಲ. ಆದರೆ ಎಚ್-1ಬಿಯಲ್ಲಿರುವ ಭಾರತೀಯ ಮನೆ ಕೊಳ್ಳುವಂತಿಲ್ಲ ಅನ್ನೋದು ಬರೀ ಗಾಳಿಸುದ್ದಿ.

ಇನ್ನು ಊರಿನ ಕಥೆ. ನೀವು ಊರು ಸ್ಥಳಾಂತರ ಆಗಿದ್ದನ್ನು ಕಂಡವರು, ನಿಮಗೆ ಇದು ಹಿಡಿಸುತ್ತದೆ. ಈಗಿನ ಸೆಲೈನಾ ಇರುವುದು ಮೊದಲಿದ್ದ ಜಾಗದಲ್ಲಲ್ಲ. 1870ರ ದಶಕದ ಕೊನೆಗೆ ಅಲ್ಲಿ ಒಂದಷ್ಟು ರೈತರು ನೆಲೆಸಿದರು. ಟೆನೆಸ್ಸಿಯಲ್ಲಿ ಸೆಲೈನಾ ಅನ್ನೋ ಊರಿದೆ, ಅಲ್ಲಿಂದ ಬಂದವರೊಬ್ಬರು ಅದೇ ಹೆಸರಿಟ್ಟರು. 1902ರಲ್ಲಿ ಸೇಂಟ್ ಲೂಯಿಸ್, ಸ್ಯಾನ್ ಫ್ರಾನ್ಸಿಸ್ಕೊ ಅಂಡ್ ಟೆಕ್ಸಸ್ ರೈಲ್ವೆಯವರು ಹಳಿ ಹಾಕಲು ಬಂದರು. ಹಳಿ ಊರಿನಿಂದ ಒಂದು ಮೈಲಿ ಆಚೆ ಹೋಗುವುದಿತ್ತು. ರೈಲು ನಮ್ಮೂರಿಗೆ ಬರುವುದಿಲ್ಲ ಅಂದರೆ ನಾವೇ ಅದರ ಹತ್ತಿರ ಹೋಗೋಣ ಅಂತ ಅಂಗಡಿಯವರು ತೀರ್ಮಾನಿಸಿದರು. ಮರದ ಕಟ್ಟಡಗಳನ್ನು ಬುಡದಿಂದ ಎಬ್ಬಿಸಿ, ಕೆಳಗೆ ಉರುಳೆಗಳನ್ನು ಕೊಟ್ಟು, ಮನೆ ಅಂಗಡಿ ಎಲ್ಲ ಉರುಳಿಸಿಕೊಂಡು ಹಳಿಯ ಪಕ್ಕಕ್ಕೆ ಒಯ್ದರು. 1907ರಲ್ಲಿ ಅದು ಕಾಯ್ದೆ ಪ್ರಕಾರ ನಗರ ಆಯಿತು. ನಿಮ್ಮೂರನ್ನು ನೀರು ಎಬ್ಬಿಸಿತು, ಅವರ ಊರನ್ನು ರೈಲು ಎಬ್ಬಿಸಿತು.

ಪಕ್ಕದ ಫ್ರಿಸ್ಕೊ ಕಥೆಯೂ ಹೆಚ್ಚು ಕಡಿಮೆ ಇದೇ. ಅದೂ 1902ರಲ್ಲಿ ಅದೇ ರೈಲ್ವೆಯಿಂದ ಹುಟ್ಟಿದ್ದು. ಹತ್ತಿರದಲ್ಲಿ ಲೆಬನಾನ್ ಅನ್ನೋ ಹಳೇ ಊರಿತ್ತು. ದನಗಳನ್ನು ಹೊಡೆದುಕೊಂಡು ಹೋಗುವ ದಾರಿಯಲ್ಲಿ ಚೆನ್ನಾಗಿಯೇ ಬಾಳುತ್ತಿತ್ತು. ಹಳಿ ತಪ್ಪಿಹೋಯಿತು. ಅಲ್ಲಿನ ಮನೆಗಳೇ ಫ್ರಿಸ್ಕೊಗೆ ಉರುಳಿಕೊಂಡು ಬಂದವು. ಇವತ್ತು ಲೆಬನಾನ್ ಅನ್ನೋದು ಒಂದು ರಸ್ತೆಯ ಹೆಸರಾಗಿ ಉಳಿದಿದೆ.

ಆಮೇಲೆ ಸೆಲೈನಾದಲ್ಲಿ ಏನಾಯಿತು ಅಂದರೆ, ನೂರು ವರ್ಷ ಏನೂ ಆಗಲಿಲ್ಲ. ಹತ್ತಿ, ಜೋಳ, ಗೋಧಿ, ಒಂದು ಚೌಕ, ಒಂದು ಬ್ಯಾಂಕು. 2000ದಲ್ಲಿ ಜನಸಂಖ್ಯೆ 1,861. ಹೊರಗಿನವರಿಗೆ ಆ ಹೆಸರು ಗೊತ್ತಿದ್ದರೆ ಅದು ಹೈಸ್ಕೂಲ್ ಫುಟ್ಬಾಲ್‌ನಿಂದ. 1998ರಿಂದ 2002ರವರೆಗೆ ಆ ಶಾಲೆಯ ಹುಡುಗರು ಸತತ 68 ಪಂದ್ಯ ಗೆದ್ದಿದ್ದರು. ಟೆಕ್ಸಸ್‌ನಲ್ಲಿ ಅದನ್ನು ದೇವರ ಕೆಲಸ ಅಂತಲೇ ನೋಡುತ್ತಾರೆ.

ಬದಲಾವಣೆ ಬಂದಿದ್ದು ರಸ್ತೆಯಿಂದ. ಡಲ್ಲಾಸ್ ನಾರ್ತ್ ಟೋಲ್‌ವೇ ಅಂತ ಒಂದು ಸುಂಕದ ಹೆದ್ದಾರಿ ಇದೆ. ಅದರ ಮೊದಲ ತುಂಡು 1968ರಲ್ಲಿ ಶುರುವಾಯಿತು, ಅದೂ ಹಳೇ ರೈಲು ಹಳಿಯ ಜಾಗದಲ್ಲೇ! ಆ ರಸ್ತೆ ಉತ್ತರಕ್ಕೆ ಬೆಳೆದಂತೆ ಅದರ ತುದಿಯಲ್ಲಿದ್ದ ಊರು ಊದಿಕೊಳ್ಳುತ್ತಾ ಬಂತು. ಪ್ಲೇನೊ 1960ರಲ್ಲಿ 3,695 ಜನರ ಹಳ್ಳಿ. 1980ಕ್ಕೆ 72,331, 2020ಕ್ಕೆ 2,85,494. ಫ್ರಿಸ್ಕೊದಲ್ಲಿ 1990ರಲ್ಲಿ 6,138 ಜನ, 2020ರಲ್ಲಿ 2,00,509. ರಸ್ತೆ 2007ರಲ್ಲಿ ಫ್ರಿಸ್ಕೊದ ಉತ್ತರ ಅಂಚಿನ ಹೈವೇ 380 ಮುಟ್ಟಿತು. ಈಗ ಅಲ್ಲಿಂದ ಸೆಲೈನಾದ ಕಡೆಗೆ ಕೆಲಸ ನಡೆದಿದೆ. ಜೊತೆಗೆ ಕೆಲಸಗಳೂ ಉತ್ತರಕ್ಕೇ ಬಂದವು. 2017ರಲ್ಲಿ ಟೊಯೋಟಾ ತನ್ನ ಉತ್ತರ ಅಮೆರಿಕದ ಮುಖ್ಯ ಕಚೇರಿಯನ್ನು ಕ್ಯಾಲಿಫೋರ್ನಿಯಾದಿಂದ ಪ್ಲೇನೊಗೆ ತಂದಿತು. ಮೊದಲು ಡಲ್ಲಾಸ್ ಪೇಟೆಗೆ ಹೋಗಬೇಕಿದ್ದವನಿಗೆ ಸೆಲೈನಾ ದೂರ, ಸುಮಾರು 40 ಮೈಲಿ. ಪ್ಲೇನೊಗೆ ಹೋಗುವವನಿಗೆ ಅದರ ಅರ್ಧ.

ಹಾಗಾಗಿ ಶೇಕಡಾವಾರು ನೋಡಿ ಗಾಬರಿ ಆಗಬೇಡಿ. 2022ರಿಂದ 2023ಕ್ಕೆ ಸೆಲೈನಾ ಶೇ. 26.6 ಬೆಳೆದು, ಇಪ್ಪತ್ತು ಸಾವಿರಕ್ಕಿಂತ ದೊಡ್ಡ ಊರುಗಳಲ್ಲಿ ಇಡೀ ಅಮೆರಿಕಕ್ಕೇ ಮೊದಲು ಬಂತು. ಮರುವರ್ಷ ಆ ಪಟ್ಟ ಸೆಲೈನಾ ಇರುವ ಕಾಲಿನ್ ಕೌಂಟಿಯದೇ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಇನ್ನೊಂದು ಊರು ಪ್ರಿನ್ಸ್‌ಟನ್‌ಗೆ ಹೋಯಿತು, ಶೇ. 30.6. ಬುಡ ಸಣ್ಣದಿದ್ದರೆ ಶೇಕಡಾ ದೊಡ್ಡದಾಗಿಯೇ ಕಾಣುತ್ತದೆ. ಸೆಲೈನಾ ಒಂಟಿಯಾಗಿ ಎದ್ದ ಗುಳ್ಳೆ ಅಲ್ಲ, ಅರವತ್ತು ವರ್ಷದಿಂದ ಉತ್ತರಕ್ಕೆ ಹರಿಯುತ್ತಿರುವ ಅಲೆಯ ಈಗಿನ ಅಂಚು. ಒಂದು ಗಣಿ, ಒಂದು ಕಾರ್ಖಾನೆ ನಂಬಿದ ಊರಾಗಿದ್ದರೆ ನಾನೂ ಹೆದರುತ್ತಿದ್ದೆ.

ಅಲೆ ಮುಂದಕ್ಕೆ ಹೋಗುವುದೂ ಅಷ್ಟೇ ನಿಜ. ಪ್ಲೇನೊ ಶಾಲಾ ಜಿಲ್ಲೆಯಲ್ಲಿ (ಅಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಮಕ್ಕಳು ಕಡಿಮೆಯಾಗಿ 2025ರಲ್ಲಿ ನಾಲ್ಕು ಶಾಲೆ ಮುಚ್ಚಬೇಕಾಯಿತು. ಪ್ಲೇನೊ ಹಾಳೂರು ಆಗಲಿಲ್ಲ, ಅಲ್ಲಿ ಈಗಲೂ ಮನೆಗಳಿಗೆ ಬೇಡಿಕೆ ಇದೆ. ಆದರೆ ಮಕ್ಕಳಿರುವ ಹೊಸ ಸಂಸಾರಗಳು ಅಂಚಿಗೆ ಹೋದವು. ಮೂವತ್ತು ವರ್ಷದ ನಂತರ ಸೆಲೈನಾಗೂ ಇದು ಬರಬಹುದು. ಅಷ್ಟು ಹೊತ್ತಿಗೆ ನಿಮ್ಮ ಮಗ ನಿವೃತ್ತಿಯ ಹತ್ತಿರ ಇರುತ್ತಾನೆ ಬಿಡಿ.

ಈಗ ಗಡಿಯ ಹೊರಗಿನ ಲೇಔಟಿನ ವಿಷಯ. ನಮ್ಮಲ್ಲಿ ಹಾಗಂದ ತಕ್ಷಣ ರೆವಿನ್ಯೂ ಸೈಟು, ಬಿ ಖಾತಾ ನೆನಪಾಗುತ್ತದೆ. ಅಲ್ಲಿ ಅದು ಅಕ್ರಮ ಏನಲ್ಲ. ಟೆಕ್ಸಸ್‌ನಲ್ಲಿ ನಗರದ ಗಡಿಯಾಚೆ ಬಂದೋಬಸ್ತಾಗಿ ನಕ್ಷೆ ಮಂಜೂರು ಮಾಡಿಸಿ ಲೇಔಟು ಮಾಡಬಹುದು. ತೊಡಕು ಇರೋದು ದುಡ್ಡಿನಲ್ಲಿ. ಹೊಲದ ಮಧ್ಯೆ ಸಾವಿರ ಮನೆ ಕಟ್ಟಬೇಕಾದರೆ ನೀರು, ಒಳಚರಂಡಿ, ರಸ್ತೆ ಎಲ್ಲ ಹೊಸದಾಗಿ ಬೇಕು. ಸಣ್ಣ ನಗರದ ಹತ್ತಿರ ಅಷ್ಟು ದುಡ್ಡು ಎಲ್ಲಿರುತ್ತೆ? ಅದಕ್ಕೆ ಕಾನೂನು ಎರಡು ದಾರಿ ಮಾಡಿಕೊಟ್ಟಿದೆ. ನಾವು ಕೆಲಸದವರು ಅವನ್ನು ‘ಮಡ್’ ಮತ್ತು ‘ಪಿಡ್’ ಅನ್ನುತ್ತೇವೆ. ಮಡ್ ಅಂದರೆ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಲೇಔಟಿಗೇ ಒಂದು ಪುಟ್ಟ ಸರ್ಕಾರ ಇದ್ದ ಹಾಗೆ. ಬಾಂಡ್ ಮಾರಿ ಸಾಲ ಎತ್ತುತ್ತದೆ, ಮನೆಯ ಬೆಲೆಯ ಮೇಲೆ ತೆರಿಗೆ ಹಾಕಿ ತೀರಿಸುತ್ತದೆ. ಪಿಡ್ ಅಂದರೆ ಪಬ್ಲಿಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್. ಅಲ್ಲಿ ನಿಮ್ಮ ಸೈಟಿನ ಪಾಲು ಇಷ್ಟು ಅಂತ ಬರೆದಿಡುತ್ತಾರೆ, ವರ್ಷ ವರ್ಷ ಕಂತು ಕಟ್ಟಬೇಕು. ಮನೆಯ ಬೆಲೆ ಇಳಿದರೂ ಪಿಡ್ ಕಂತು ಇಳಿಯುವುದಿಲ್ಲ. ಬೇಕಾದರೆ ಒಟ್ಟಿಗೆ ಕಟ್ಟಿ ಋಣಮುಕ್ತ ಆಗಬಹುದು. ವರ್ಷಕ್ಕೆ ಸಾವಿರದಿಂದ ಮೂರು ಸಾವಿರ ಡಾಲರ್‌ವರೆಗಿನ ಕಂತು ನಾನು ನೋಡಿದ್ದೇನೆ.

2019ರಿಂದ ನಗರಗಳು ಪಕ್ಕದ ಜಮೀನನ್ನು ಮಾಲೀಕರ ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಚೌಕಾಸಿ ನಡೆಯುತ್ತದೆ. ‘ನೀನು ನಗರದೊಳಗೆ ಬಾ, ನಿನಗೆ ಪಿಡ್ ಮಾಡಿಕೊಡ್ತೀವಿ, ನೀರು ಕೊಡ್ತೀವಿ’ ಅಂತ ನಗರ ಹೇಳುತ್ತದೆ, ಡೆವಲಪರ್ ಲೆಕ್ಕ ಹಾಕಿ ಒಪ್ಪುತ್ತಾನೆ. ಇಂಥ ಸಭೆಗಳಲ್ಲಿ ನಾನು ಎಷ್ಟೋ ಸಂಜೆ ಕೂತಿದ್ದೇನೆ. ಮನೆ ಕೊಳ್ಳುವವನು ಆ ಕೋಣೆಯಲ್ಲಿ ಇರುವುದಿಲ್ಲ.

ಗೆಳೆಯನ 800 ಡಾಲರ್ ಗುಟ್ಟು ಬೇರೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆ, ನಗರ, ಕೌಂಟಿ ಎಲ್ಲವೂ ಮನೆಯ ಕಂದಾಯದ ಮೇಲೆಯೇ ನಡೆಯುತ್ತವೆ. ಆ ಕಂದಾಯಕ್ಕೆ ಲೆಕ್ಕ ಜನವರಿ 1ರಂದು ಆಸ್ತಿ ಹೇಗಿತ್ತೋ ಹಾಗೆ. ಜನವರಿಯಲ್ಲಿ ಅದು ಖಾಲಿ ಸೈಟು, ಜುಲೈನಲ್ಲಿ ಗೃಹಪ್ರವೇಶ ಅಂದುಕೊಳ್ಳಿ. ಮೊದಲ ವರ್ಷದ ತೆರಿಗೆ ಖಾಲಿ ಸೈಟಿಗೆ! ಸೈಟಿನ ಬೆಲೆ 1,10,000 ಡಾಲರ್, ಒಟ್ಟು ದರ ಶೇ. 2.3 ಅಂತ ಇಟ್ಟುಕೊಂಡರೆ 2,530 ಡಾಲರ್. ಸಾಲ ಕೊಟ್ಟವರು ತಿಂಗಳ ಕಂತಿನಲ್ಲಿ ತೆರಿಗೆಯನ್ನೂ ಸೇರಿಸಿ ವಸೂಲಿ ಮಾಡುತ್ತಾರೆ. ಅದಕ್ಕೆ ಎಸ್ಕ್ರೋ ಅನ್ನುತ್ತಾರೆ. ಕೆಲವರು ಈ ಸಣ್ಣ ಮೊತ್ತವನ್ನೇ ಹಿಡಿದು ಕಂತು ಕಟ್ಟಿಬಿಡುತ್ತಾರೆ. ಮುಂದಿನ ವರ್ಷ ಪೂರ್ತಿ 5,20,000ಕ್ಕೆ ಲೆಕ್ಕ ಬಂದರೆ 11,960 ಡಾಲರ್. ವ್ಯತ್ಯಾಸವನ್ನು ಹನ್ನೆರಡರಿಂದ ಭಾಗಿಸಿ ನೋಡಿ, ಗೆಳೆಯನ 800ರ ಹತ್ತಿರವೇ ಬರುತ್ತದೆ. ಹಿಂದಿನ ಬಾಕಿ ಇದ್ದರೆ ಅದೂ ಮೇಲೆ ಬೀಳುತ್ತದೆ. ಇದು ಮೋಸ ಅಲ್ಲ, ಆದರೆ ಮಾರುವ ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಇದಕ್ಕೆ ಮದ್ದು ಸುಲಭ. ಮೊದಲ ತಿಂಗಳಿನಿಂದಲೇ ಪೂರ್ತಿ ಬೆಲೆಗೆ ಎಸ್ಕ್ರೋ ಹಾಕಿ ಅಂತ ಮಗ ಸಾಲದವರಿಗೆ ಹೇಳಲಿ. ವಾಸಕ್ಕೆ ಹೋದ ಕೂಡಲೇ ಹೋಮ್‌ಸ್ಟೆಡ್ ವಿನಾಯಿತಿಗೆ, ಅಂದರೆ ಸ್ವಂತ ವಾಸದ ಮನೆಗೆ ಸಿಗುವ ಕಂದಾಯದ ರಿಯಾಯಿತಿಗೆ, ಅರ್ಜಿ ಹಾಕಲಿ. ಅದಕ್ಕೆ ಗ್ರೀನ್ ಕಾರ್ಡ್ ಬೇಕಿಲ್ಲ, ಅದೇ ವಾಸದ ಮನೆ ಆಗಿದ್ದು ಡ್ರೈವಿಂಗ್ ಲೈಸೆನ್ಸಿನಲ್ಲಿ ಅದೇ ವಿಳಾಸ ಇದ್ದರೆ ಸಾಕು. 2025ರ ನವೆಂಬರಿನಲ್ಲಿ ಟೆಕ್ಸಸ್ ಜನ ಮತ ಹಾಕಿ ಒಪ್ಪಿದ ನಂತರ ಶಾಲಾ ತೆರಿಗೆಯ ಮಟ್ಟಿಗೆ ಮನೆಯ ಬೆಲೆಯಲ್ಲಿ 1,40,000 ಡಾಲರ್ ಕಳೆಯುತ್ತಾರೆ. ಶಾಲೆಯ ದರ ಶೇ. 1.2 ಇದ್ದರೆ ವರ್ಷಕ್ಕೆ 1,680 ಡಾಲರ್ ಉಳಿತಾಯ. ಆಮೇಲೆ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರುವಂತಿಲ್ಲ. ಪಿಡ್ ಕಂತಿಗೆ ಮಾತ್ರ ಈ ವಿನಾಯಿತಿ ತಾಗುವುದಿಲ್ಲ. ಇನ್ನೊಂದು, ಶಾಲಾ ಜಿಲ್ಲೆಯ ಗಡಿಯೇ ಬೇರೆ, ನಗರದ ಗಡಿಯೇ ಬೇರೆ. ಸೆಲೈನಾ ವಿಳಾಸದ ಕೆಲವು ಲೇಔಟುಗಳು ಪ್ರಾಸ್ಪರ್ ಶಾಲಾ ಜಿಲ್ಲೆಗೆ ಸೇರುತ್ತವೆ. ಹಾಗಾಗಿ ಗೆಳೆಯನ ದರವೇ ಮಗನ ದರ ಆಗಬೇಕಿಲ್ಲ.

ಇನ್ನು ನಿಮ್ಮ ಎರೆಹೊಲ. ನೀವು ನೋಡಿದ್ದು ಸರಿ. ರೆಡ್ ನದಿಯ ಹತ್ತಿರದಿಂದ ಸ್ಯಾನ್ ಆಂಟೋನಿಯೊವರೆಗೆ ಇಳಿಯುವ ಕಪ್ಪು ಮಣ್ಣಿನ ಪಟ್ಟಿಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅಂತ ಹೆಸರು. ಅಲ್ಲಿನ ಹ್ಯೂಸ್ಟನ್ ಬ್ಲ್ಯಾಕ್ ಅನ್ನೋ ಮಣ್ಣು ಟೆಕ್ಸಸ್‌ನ ರಾಜ್ಯ ಮಣ್ಣು. ಮಣ್ಣಿನ ಶಾಸ್ತ್ರದಲ್ಲಿ ಅದೂ ನಮ್ಮ ಎರೆಯೂ ಒಂದೇ ಜಾತಿ, ವರ್ಟಿಸಾಲ್. ಎರಡೂ ಕಡೆ ಹತ್ತಿ ಬೆಳೆದದ್ದು ಸುಮ್ಮನೆ ಅಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಸರಿಯಾಗಿ ಕಟ್ಟದಿದ್ದರೆ ಮನೆಯನ್ನೇ ಇಂಚುಗಟ್ಟಲೆ ಎತ್ತಿ ಇಳಿಸುತ್ತದೆ.

ನನ್ನ ಮೊದಲ ಮನೆಯಲ್ಲಿ ಇದನ್ನು ಅನುಭವಿಸಿದ್ದೇನೆ. ಮಹಡಿಯ ಮಲಗುವ ಕೋಣೆಯ ಬಾಗಿಲು ಆಗಸ್ಟ್‌ನಲ್ಲಿ ಚಿಲಕಕ್ಕೆ ಕೂರುತ್ತಿರಲಿಲ್ಲ. ಬಡಗಿ ಬಂದು ಬಾಗಿಲು ಹೆರೆದು ಹೋದ. ಡಿಸೆಂಬರಿನಲ್ಲಿ ಮಳೆ ಬಂದು ಬಾಗಿಲು ತಾನಾಗಿ ಸರಿಹೋಯಿತು, ಈಗ ಹೆರೆದ ಕಡೆ ಬೆರಳು ತೂರುವಷ್ಟು ಸಂದು! ಮಣ್ಣಿನ ಕೆಲಸವೇ ಹೊಟ್ಟೆಪಾಡಾದ ನನಗೆ ಅದು ಮಣ್ಣಿನ ಆಟ ಅಂತ ತಿಳಿಯಲು ಎರಡು ಬೇಸಿಗೆ ಬೇಕಾಯಿತು. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಇದನ್ನು ತಡೆಯಲು ಅಲ್ಲಿ ಪೋಸ್ಟ್-ಟೆನ್ಷನ್ ಸ್ಲ್ಯಾಬ್ ಹಾಕುತ್ತಾರೆ. ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್ ಹಾಸಿ, ಗಟ್ಟಿಯಾದ ಮೇಲೆ ಜಗ್ಗಿ ಬಿಗಿಯುತ್ತಾರೆ. ಕೆಳಗಿನ ಮಣ್ಣು ಅಲ್ಲಾಡಿದರೂ ಇಡೀ ಸ್ಲ್ಯಾಬ್ ಒಂದು ಹಲಗೆಯ ಹಾಗೆ ಕೂತಿರಬೇಕು, ಅದು ಉದ್ದೇಶ. ಗ್ಯಾರೇಜಿನ ನೆಲದಲ್ಲಿ, ಕೊರೆಯಬೇಡಿ ಅಂತ ಮುದ್ರೆ ಒತ್ತಿರುತ್ತಾರೆ. ಮುಂದಿನ ಸಲ ಹೋದಾಗ ಹುಡುಕಿ ನೋಡಿ. ಸ್ಲ್ಯಾಬ್ ಚೆನ್ನಾಗಿದ್ದರೂ ಕಾವಲು ಬೇಕು. ಮನೆಯ ಸುತ್ತ ಗೋಡೆಯಿಂದ ಒಂದೂವರೆ ಅಡಿ ದೂರಕ್ಕೆ ತೂತಿನ ರಬ್ಬರ್ ಪೈಪು ಹಾಸಿ, ಬೇಸಿಗೆಯಲ್ಲಿ ಬುನಾದಿಗೆ ನೀರುಣಿಸುತ್ತಾರೆ. ಗಿಡಕ್ಕಲ್ಲ, ಮನೆಗೆ! ಮಣ್ಣಿನ ತೇವ ವರ್ಷವಿಡೀ ಒಂದೇ ಸಮ ಇರಲಿ ಅಂತ. ಗೋಡೆಯ ಬುಡದಲ್ಲಿ ದೊಡ್ಡ ಮರ ನೆಡಬಾರದು. ಮಳೆ ನೀರು ಮನೆಯಿಂದ ಆಚೆಗೆ ಹರಿಯಬೇಕು. ನಿಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸೊಂಟಕ್ಕೆ ಲ್ಯಾಪ್‌ಟಾಪ್ ಬ್ಯಾಗು ಕಟ್ಟಿಕೊಂಡ ಹುಡುಗರಿಗೆ ಹೇಳಬೇಕು.

ನೀವು ನೀರಿನ ಬಗ್ಗೆ ಕೇಳಲಿಲ್ಲ, ನಾನಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದೆ. ಸೆಲೈನಾಗೆ ನೀರು ಬರುವುದು ಅಪ್ಪರ್ ಟ್ರಿನಿಟಿ ರೀಜನಲ್ ವಾಟರ್ ಡಿಸ್ಟ್ರಿಕ್ಟ್‌ನಿಂದ. ಅವರು ಫ್ಯಾನಿನ್ ಕೌಂಟಿಯಲ್ಲಿ ಲೇಕ್ ರಾಲ್ಫ್ ಹಾಲ್ ಅನ್ನೋ ಜಲಾಶಯ ಕೈಗೆತ್ತಿಕೊಂಡಿದ್ದು ಇದೇ ಬೆಳವಣಿಗೆಯನ್ನು ನೋಡಿ. ಬೇಸಿಗೆಯಲ್ಲಿ ಹುಲ್ಲಿಗೆ ನೀರು ಬಿಡಲು ದಿನ ಗೊತ್ತುಮಾಡುತ್ತಾರೆ, ಅಷ್ಟು ಸಹಿಸಿಕೊಳ್ಳಬಹುದು. ನಮ್ಮ ಕಸುಬಿನವರು ಗಮನ ಇಡೋದು ಕೊಳಚೆ ನೀರಿನ ಮೇಲೆ. ಟೆಕ್ಸಸ್‌ನಲ್ಲಿ 75-90 ಅಂತ ಒಂದು ನಿಯಮ ಇದೆ. ಶುದ್ಧೀಕರಣ ಘಟಕಕ್ಕೆ ಬರುವ ಕೊಳಚೆ ಸತತ ಮೂರು ತಿಂಗಳು ಅನುಮತಿಯ ಶೇ. 75 ಮುಟ್ಟಿದರೆ ವಿಸ್ತರಣೆಯ ಯೋಜನೆ ಶುರುಮಾಡಬೇಕು, ಶೇ. 90 ಮುಟ್ಟಿದರೆ ಕಟ್ಟಲು ಶುರುಮಾಡಬೇಕು. ಇದರಲ್ಲಿ ಹಿಂದೆ ಬಿದ್ದ ಊರು ಕೈ ಎತ್ತಬೇಕಾಗುತ್ತದೆ. ಪ್ರಿನ್ಸ್‌ಟನ್ 2024ರ ಸೆಪ್ಟೆಂಬರಿನಲ್ಲಿ, ನೀರು, ಒಳಚರಂಡಿ, ರಸ್ತೆ ಸಾಲುತ್ತಿಲ್ಲ ಅಂತ ಹೊಸ ಲೇಔಟುಗಳಿಗೆ ತಡೆ ಹಾಕಿತು. ಈಗಾಗಲೇ ಮನೆ ಕೊಂಡವರಿಗೆ ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಊರು ಉಸಿರು ಬಿಡಲಿಕ್ಕೆ ಸ್ವಲ್ಪ ಸಮಯ ಸಿಕ್ಕಿತು.

ಸುಂಟರಗಾಳಿಗಿಂತ ಆಲಿಕಲ್ಲು ಅಲ್ಲಿ ಜೇಬಿಗೆ ಜಾಸ್ತಿ ಹೊಡೆಯುತ್ತದೆ. ವಿಮೆಯಲ್ಲಿ ಗಾಳಿ ಮತ್ತು ಆಲಿಕಲ್ಲಿಗೆ ಬೇರೆಯೇ ಕಡಿತ ಇರುತ್ತದೆ, ಅಂದರೆ ನಷ್ಟದಲ್ಲಿ ಅಷ್ಟು ಪಾಲು ಮನೆಯವರೇ ಕೊಡಬೇಕು. ಅದು ಸಾಮಾನ್ಯವಾಗಿ ಮನೆಯ ವಿಮಾ ಮೊತ್ತದ ಶೇ. 1 ಅಥವಾ 2. ಅಷ್ಟು ದುಡ್ಡು ಬೇರೆ ಎತ್ತಿಟ್ಟಿರಲಿ.

ಹಾಗಾದರೆ ತಡೆಯಬೇಕಾ? ಮಗ ಅಲ್ಲಿ ಎಷ್ಟು ವರ್ಷ ಇರುತ್ತಾನೆ ಅನ್ನೋದರ ಮೇಲೆ ನಿಂತಿದೆ. ಐದಾರು ವರ್ಷಕ್ಕಿಂತ ಜಾಸ್ತಿ ಇರುವುದು ಬಹುತೇಕ ಖಚಿತ, ಆರು ತಿಂಗಳ ಖರ್ಚು ಕೈಯಲ್ಲಿದೆ ಅಂದರೆ ಕೊಳ್ಳಲಿ. ಎರಡು ಮೂರು ವರ್ಷದಲ್ಲಿ ಮಾರಬೇಕಾಗಿ ಬಂದರೆ ಕಷ್ಟ. ಆ ಲೇಔಟಿನಲ್ಲಿ ಬಿಲ್ಡರ್ ಇನ್ನೂ ಹೊಸ ಮನೆ ಮಾರುತ್ತಿರುತ್ತಾನೆ. ಅವನು ಬಡ್ಡಿ ಇಳಿಸಿಕೊಡುತ್ತಾನೆ, ಫ್ರಿಜ್ಜು ಕೊಡುತ್ತಾನೆ. ನಿಮ್ಮ ಮಗನ ಎರಡು ವರ್ಷದ ಹಳೇ ಮನೆಯನ್ನು ಅದೇ ಬೆಲೆಗೆ ಯಾರು ಕೇಳುತ್ತಾರೆ? ಎಚ್-1ಬಿಯಲ್ಲಿ ಕೆಲಸ ಹೋದರೆ ಇರುವ ಗಡುವು ಸಾಮಾನ್ಯವಾಗಿ 60 ದಿನ. ಆ 60 ದಿನದಲ್ಲಿ ಮನೆ ಮಾರುವುದು ಅಂದರೆ ಸಿಕ್ಕಿದ ಬೆಲೆಗೆ ಬಿಟ್ಟುಕೊಟ್ಟ ಹಾಗೆ. ಊರು ಕುಸಿಯದೆಯೂ ಹುಡುಗ ಮುಳುಗಬಹುದು. ನನಗಿರುವ ಭಯ ಇದೊಂದೇ.

ಇನ್ನೊಂದು ದಾರಿ ಪ್ಲೇನೊ, ಮೆಕಿನಿ ಕಡೆ ಇಪ್ಪತ್ತು ವರ್ಷ ಹಳೆಯ ಮನೆ. ಮಣ್ಣು ತನ್ನ ಆಟ ಆಡಿ ತೋರಿಸಿರುತ್ತದೆ, ಮಡ್ ಪಿಡ್ ಗೊಡವೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಛಾವಣಿ, ಎಸಿ, ಒಳಗಿನ ಕೊಳವೆ ಹಳೆಯದಿರುತ್ತದೆ, ಬುನಾದಿ ಒಮ್ಮೆ ರಿಪೇರಿ ಆಗಿರಲೂಬಹುದು. ಒಂದು ವರ್ಷ ಅಲ್ಲೇ ಬಾಡಿಗೆಗಿದ್ದು ನೋಡುವುದೂ ನಾಚಿಕೆಯ ವಿಷಯವಲ್ಲ. ‘ಬಾಡಿಗೆ ದಂಡ’ ಅನ್ನೋ ಮಾತು ನಮ್ಮವರಲ್ಲಿ ಜಾಸ್ತಿ. ಮೇಲಿನ ಲೆಕ್ಕ ನೋಡಿದಿರಲ್ಲ, ಕಂದಾಯವೇ ತಿಂಗಳಿಗೆ ಸಾವಿರ ಡಾಲರ್ ಹತ್ತಿರ ಬರುತ್ತದೆ, ಅದೂ ವಾಪಸ್ ಬರುವ ದುಡ್ಡಲ್ಲ.

ಈ ಮನೆಯನ್ನೇ ಇಟ್ಟುಕೊಳ್ಳುವುದಾದರೆ ಬಿಲ್ಡರಿಗೆ ಸಂಬಂಧವಿಲ್ಲದ ಇನ್‌ಸ್ಪೆಕ್ಟರ್‌ನನ್ನು ಮೂರು ಸಲ ಕರೆಸಲಿ: ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಮುಂಚೆ, ಗೋಡೆಯ ಚೌಕಟ್ಟಿಗೆ ಹಲಗೆ ಹೊಡೆದು ಮುಚ್ಚುವ ಮುಂಚೆ, ಕೊನೆಗೆ ಬೀಗದ ಕೈ ತೆಗೆದುಕೊಳ್ಳುವ ಮುಂಚೆ. ಕೆಲವು ನೂರು ಡಾಲರಿನ ಖರ್ಚು. ಸೈಟಿನ ಮಣ್ಣು ಪರೀಕ್ಷೆಯ ವರದಿ ಕೇಳಲಿ, ಬುನಾದಿಯ ಗ್ಯಾರಂಟಿ ಎಷ್ಟು ವರ್ಷ ಅಂತ ಕಾಗದದಲ್ಲಿ ಓದಲಿ. ಪಿಡ್ ಇರುವ ಜಾಗವಾದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಮಾರುವವರು ಅದರ ನೋಟಿಸು ಕೊಡಬೇಕು. ಕೊಡದಿದ್ದರೆ ಒಪ್ಪಂದದಿಂದ ಹೊರಬರಲು ಕಾನೂನು ಕೊಳ್ಳುವವನಿಗೆ ದಾರಿ ಬಿಟ್ಟಿದೆ, ಆಗ ಮುಂಗಡದ ಮಾತೂ ಎತ್ತಬಹುದು. ಹೇಗೆ ಅನ್ನೋದನ್ನು ಅಲ್ಲಿನ ವಕೀಲರು ಕಾಗದ ನೋಡಿ ಹೇಳಬೇಕು. ಇವತ್ತು ರಾತ್ರಿ ಊಟ ಆದ ಮೇಲೆ ಮಗನಿಗೆ ಫೋನ್ ಮಾಡಿ, ಅಲ್ಲಿ ಆಗ ಬೆಳಿಗ್ಗೆ. ಆ ನೋಟಿಸು ಕೈಗೆ ಬಂದಿದೆಯಾ, ಅದರಲ್ಲಿ ವರ್ಷದ ಕಂತು ಎಷ್ಟು ಅಂತ ಬರೆದಿದೆ, ಮೊದಲು ಅದನ್ನು ಕೇಳಿ.